ಆಡಿಯೋ ಕಂಪನಿಗೆ ಹಾಡು ಕೊಡೋದಾ, ನಾವೇ ಬಿಡೋದಾ? ಕೋಲಾರದ ಕಡೆಯ ಹಾಡುಗಾರರಿಗೆ ಒಂದು ಮಾರ್ಗದರ್ಶಿ

ನಿಮ್ಮ ಹಾಡೊಂದು ಯೂಟ್ಯೂಬ್‌ನಲ್ಲಿ ಸ್ವಲ್ಪ ಓಡಿತು ಅಂದುಕೊಳ್ಳಿ. ಊರಿನವರು ಸ್ಟೇಟಸ್‌ಗೆ ಹಾಕಿಕೊಂಡರು. ಗಣೇಶನ ಪೆಂಡಾಲಿನಲ್ಲೂ ಅದೇ ಹಾಡು. ಆಮೇಲೆ ಒಂದು ದಿನ ಬೆಂಗಳೂರಿನಿಂದ ಫೋನ್ ಬರುತ್ತದೆ. "ಹಾಡು ಚೆನ್ನಾಗಿದೆ, ನಮಗೆ ಕೊಡಿ, ನಮ್ಮ ಚಾನೆಲ್‌ನಲ್ಲಿ ಬಿಟ್ಟರೆ ಲಕ್ಷಗಟ್ಟಲೆ ಜನ ನೋಡ್ತಾರೆ" ಎನ್ನುತ್ತಾರೆ. ಸ್ವಲ್ಪ ದಿನಕ್ಕೆ ವಾಟ್ಸಾಪ್‌ಗೆ ಇಂಗ್ಲಿಷ್‌ನಲ್ಲಿ ಒಂದು ಅಗ್ರಿಮೆಂಟ್ ಬಂದು ಬೀಳುತ್ತದೆ. ಬೇಗ ಸಹಿ ಹಾಕಿ ಕಳಿಸಿ ಎಂಬ ಒತ್ತಾಯವೂ ಜೊತೆಗೇ ಬರುತ್ತದೆ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಬಂಗಾರಪೇಟೆ ಕಡೆಯ ಹುಡುಗ ಹುಡುಗಿಯರು ಇಂಥ ಹೊತ್ತಿನಲ್ಲಿ ಕೇಳುವುದು ಒಂದೇ ಪ್ರಶ್ನೆ. ಕೊಡೋದಾ, ಬೇಡವಾ? ನಾನು ಹೇಳುವುದು ಇಷ್ಟೆ. ಆ ಪ್ರಶ್ನೆಗೆ ಇನ್ನೂ ಮೂರು ಸೇರಿಸಿ. ಯಾವ ಹಾಡು? ಎಷ್ಟು ವರ್ಷಕ್ಕೆ? ಕೊಟ್ಟ ಹಾಡು ವಾಪಸ್ ಬರುವುದು ಯಾವಾಗ?

ಜಮೀನಿನ ವಿಷಯದಲ್ಲಿ ನಮ್ಮ ಜನ ಸುಲಭಕ್ಕೆ ಏಮಾರುವುದಿಲ್ಲ. ಕ್ರಯಕ್ಕೂ ಗುತ್ತಿಗೆಗೂ ಇರುವ ವ್ಯತ್ಯಾಸ ಓದು ಬಾರದ ಅಜ್ಜನಿಗೂ ಗೊತ್ತು. ಹಾಡಿನ ಅಗ್ರಿಮೆಂಟನ್ನೂ ಅದೇ ಕಣ್ಣಿನಿಂದ ನೋಡಿ. ಕಾಗದದಲ್ಲಿ 'ಅಸೈನ್‌ಮೆಂಟ್' ಎಂದಿದ್ದರೆ ಅದು ಕ್ರಯ, ಹಕ್ಕು ಕೈಬಿಟ್ಟು ಹೋಗುತ್ತದೆ. 'ಲೈಸೆನ್ಸ್' ಎಂದಿದ್ದರೆ ಗುತ್ತಿಗೆ, ಹಕ್ಕು ನಿಮ್ಮದೇ, ಬಳಕೆ ಮಾತ್ರ ಅವರದು. ಮುಂದೆ ಬರೆದಿರುವುದೆಲ್ಲ ಈ ವ್ಯತ್ಯಾಸದ ಮೇಲೆ ನಿಂತಿದೆ.

ಮೊದಲ ಹೆಜ್ಜೆ: ಹಾಡಿನಲ್ಲಿ ನಿಮ್ಮದು ಯಾವುದು ಎಂದು ಬರೆದುಕೊಳ್ಳಿ

ನಾವು ಒಂದು ಹಾಡು ಎನ್ನುವುದು ಕಾನೂನಿನ ಲೆಕ್ಕದಲ್ಲಿ ಒಂದಲ್ಲ. ಸಾಹಿತ್ಯ ಒಂದು, ಅದು ಬರೆದವರದು. ಟ್ಯೂನ್ ಇನ್ನೊಂದು, ಅದು ಟ್ಯೂನ್ ಹಾಕಿದವರದು. ರೆಕಾರ್ಡಿಂಗ್ ಮೂರನೆಯದು. ಅದನ್ನು ಮಾಡಿಸುವ ಹೊಣೆ ಹೊತ್ತು ಮುಂದೆ ನಿಂತವರನ್ನು ಕಾನೂನು ನಿರ್ಮಾಪಕ ಎನ್ನುತ್ತದೆ, ರೆಕಾರ್ಡಿಂಗ್ ಅವರದು. ಇದಲ್ಲದೆ ಹಾಡಿದವರಿಗೆ, ನುಡಿಸಿದವರಿಗೆ ಕಲಾವಿದರ ಹಕ್ಕು ಬೇರೆಯೇ ಇದೆ.

ಇದು ಏಕೆ ಮುಖ್ಯ ಅಂದರೆ, ಸ್ಟುಡಿಯೋಗೆ ದುಡ್ಡು ಕೊಟ್ಟು, ಎಲ್ಲರನ್ನೂ ಸೇರಿಸಿ ಹಾಡು ಮಾಡಿಸಿದವರು ನೀವೇ ಆಗಿದ್ದರೆ ಆ ರೆಕಾರ್ಡಿಂಗ್ ನಿಮ್ಮದು. ಖರ್ಚು, ಹೊಣೆ ಎರಡನ್ನೂ ಕಂಪನಿ ಹೊತ್ತಿದ್ದರೆ ರೆಕಾರ್ಡಿಂಗ್ ಶುರುವಿನಿಂದಲೇ ಅವರದಾಗುತ್ತದೆ. ಹಾಗಾಗಿ ಸ್ಟುಡಿಯೋ ಬಿಲ್, ಫೋನ್‌ಪೇ ರಸೀದಿ, ಮಿಕ್ಸಿಂಗ್ ಮಾಡಿದವರ ಜೊತೆಗಿನ ಮೆಸೇಜು, ಇವನ್ನೆಲ್ಲ ಒಂದು ಕಡೆ ಎತ್ತಿಡಿ. ಹಿನ್ನೆಲೆ ವಾದ್ಯದ ಟ್ರ್ಯಾಕ್ ಮಾಡಿಕೊಟ್ಟ ಪ್ರೋಗ್ರಾಮರ್ ಹತ್ತಿರ "ನನ್ನ ಪೇಮೆಂಟ್ ಬಂದಿದೆ, ಈ ರೆಕಾರ್ಡಿಂಗ್ ಇಂಥವರದು" ಎಂದು ಒಂದು ಪುಟ ಬರೆಸಿಕೊಳ್ಳಿ. ಟ್ಯೂನ್‌ನಲ್ಲಿ ಅವರ ಕೈ ಇದ್ದರೆ ಎಷ್ಟು ಪಾಲು ಎಂದೂ ಅಲ್ಲೇ ಬರೆಯಿರಿ.

ರ‍್ಯಾಪ್ ಮಾಡುವವರಿಗೆ ಒಂದು ಮಾತು. ಆನ್‌ಲೈನ್‌ನಲ್ಲಿ ಕಡಿಮೆ ದುಡ್ಡಿಗೆ ಸಿಗುವ ಬೀಟ್ (ರೆಡಿ ಮಾಡಿಟ್ಟ ಹಿನ್ನೆಲೆ ಸಂಗೀತ) ಸಾಮಾನ್ಯವಾಗಿ ನಿಮಗೊಬ್ಬರಿಗೇ ಕೊಟ್ಟದ್ದಲ್ಲ. ಅದೇ ಬೀಟ್ ಹತ್ತಾರು ಜನರ ಹತ್ತಿರ ಇರುತ್ತದೆ. ಅಂಥ ಹಾಡನ್ನು ಕಂಪನಿಗೆ 'ಪೂರ್ತಿ ನನ್ನದು' ಎಂದು ಬರೆದುಕೊಟ್ಟರೆ ನಾಳೆ ತಾಪತ್ರಯ ನಿಮ್ಮ ತಲೆಗೇ ಬರುತ್ತದೆ.

ಇನ್ನು ನಮ್ಮ ಸೀಮೆಗೇ ಸೇರಿದ ವಿಷಯ. ಇಲ್ಲಿ ಜಾಸ್ತಿ ಜನ ಹಾಡುವುದು ತತ್ವಪದ, ಜಾನಪದ, ಹೋರಾಟದ ಹಾಡು. ಕೈವಾರ ತಾತಯ್ಯನವರ ಪದಗಳನ್ನು ತೆಗೆದುಕೊಳ್ಳಿ. ತಾತಯ್ಯನವರ ಕಾಲ 1726ರಿಂದ 1836 ಎನ್ನುತ್ತಾರೆ. ಸಾಹಿತ್ಯದ ಕಾಪಿರೈಟ್ ಇರುವುದು ಬರೆದವರ ಜೀವಿತಾವಧಿ, ಅದರ ಮೇಲೆ 60 ವರ್ಷ. ಅಂದರೆ ಆ ಪದಗಳ ಮೇಲೆ ಇವತ್ತು ಯಾವ ಕಂಪನಿಗೂ ಒಡೆತನವಿಲ್ಲ. ನಿಮಗೂ ಇಲ್ಲ. ನಿಮ್ಮದು ನಿಮ್ಮ ರೆಕಾರ್ಡಿಂಗ್ ಮಾತ್ರ. ನೀವೇ ಹೊಸದಾಗಿ ಟ್ಯೂನ್ ಹಾಕಿದ್ದರೆ ಅದೂ ನಿಮ್ಮದು. ಆದರೆ ಈಚಿನ ಒಬ್ಬ ಗಾಯಕರು ಹಾಕಿದ ಟ್ಯೂನ್‌ನಲ್ಲೇ ಹಾಡಿದ್ದರೆ ಆ ಟ್ಯೂನ್ ಅವರದು, ಅವರನ್ನು ಕೇಳಲೇಬೇಕು. ಅಗ್ರಿಮೆಂಟ್‌ನಲ್ಲಿ ಸಾಹಿತ್ಯ ಯಾರದು ಎಂಬ ಜಾಗದಲ್ಲಿ 'ಸಾಂಪ್ರದಾಯಿಕ' ಎಂದೇ ಬರೆಸಿ. ಅಜ್ಜಿಯಿಂದ ಕಲಿತ ಸೋಬಾನೆ ಪದಕ್ಕೂ ಇದೇ ಮಾತು.

ಇಂಥ ಪದ ನೀವೇ ಯೂಟ್ಯೂಬ್‌ಗೆ ಹಾಕಿದಾಗ ಯಾವುದೋ ಕಂಪನಿಯಿಂದ ಕ್ಲೇಮ್, ಅಂದರೆ 'ಇದು ನಮ್ಮ ಹಾಡು' ಎಂಬ ತಕರಾರು, ಬರಬಹುದು. ಹೆದರಿ ತೆಗೆಯಬೇಡಿ. ಟ್ಯೂನ್, ವಾದ್ಯ, ಧ್ವನಿ ಎಲ್ಲ ನಿಮ್ಮದೇ ಆಗಿದ್ದರೆ ಯೂಟ್ಯೂಬ್‌ನಲ್ಲೇ ಡಿಸ್ಪ್ಯೂಟ್ (ಆಕ್ಷೇಪಣೆ) ಹಾಕಿ. ಕ್ಲೇಮ್ ಬಂದ 5 ದಿನದೊಳಗೆ ಹಾಕಿದರೆ ಮೊದಲ ದಿನದಿಂದ ಬಂದ ದುಡ್ಡನ್ನು ಯೂಟ್ಯೂಬ್ ಯಾರಿಗೂ ಕೊಡದೆ ಎತ್ತಿಡುತ್ತದೆ. ಕ್ಲೇಮ್ ಹಾಕಿದ ಕಂಪನಿಗೆ ಉತ್ತರ ಕೊಡಲು 30 ದಿನ ಇರುತ್ತದೆ. ಕೊಡದಿದ್ದರೆ ಕ್ಲೇಮ್ ತಾನಾಗಿಯೇ ಬಿದ್ದುಹೋಗುತ್ತದೆ.

ಸಿನಿಮಾ ಹಾಡಿನ ಕವರ್, ಅಂದರೆ ಅದೇ ಹಾಡನ್ನು ನಾವು ಹಾಡುವುದು, ಈ ಲೆಕ್ಕಕ್ಕೆ ಬರುವುದಿಲ್ಲ. ಅಲ್ಲಿ ಸಾಹಿತ್ಯ, ಟ್ಯೂನ್ ಎರಡೂ ಬೇರೆಯವರದು. ಜನ ನಿಮ್ಮ ಧ್ವನಿ ಗುರುತಿಸಲಿ ಎಂದು ಹಾಡಿ, ಸಂಪಾದನೆಗೆ ಅದನ್ನು ನಂಬಬೇಡಿ.

ಎರಡನೇ ಹೆಜ್ಜೆ: ನಿಮ್ಮ ಮನೆ ನಡೆಯುವುದು ಯಾವುದರಿಂದ?

ಈ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರ ಬರೆಯಿರಿ. ನಮ್ಮ ಕಡೆಯ ಬಹುಪಾಲು ಕಲಾವಿದರಿಗೆ ದುಡ್ಡು ಬರುವುದು ಸ್ಟೇಜಿನಿಂದ. ಊರಜಾತ್ರೆ, ಗಣೇಶ ಹಬ್ಬ, ಅಂಬೇಡ್ಕರ್ ಜಯಂತಿ, ರಾಜ್ಯೋತ್ಸವ, ಮದುವೆ ಆರ್ಕೆಸ್ಟ್ರಾ, ಸಂಸ್ಕೃತಿ ಇಲಾಖೆಯ ಕಾರ್ಯಕ್ರಮ. ಟಿ. ಚನ್ನಯ್ಯ ರಂಗಮಂದಿರದಲ್ಲಿ ಒಂದು ಹಾಡು, ತೇರಹಳ್ಳಿ ಬೆಟ್ಟದ ಆದಿಮ ಸಾಂಸ್ಕೃತಿಕ ಕೇಂದ್ರದ 'ಹುಣ್ಣಿಮೆ ಹಾಡು' ಕಾರ್ಯಕ್ರಮದಲ್ಲಿ ಒಂದು ಹಾಡು, ಅಲ್ಲಿ ಕೇಳಿದವರು ಮುಂದಿನ ಕಾರ್ಯಕ್ರಮಕ್ಕೆ ಕರೆಯುತ್ತಾರೆ. ಸ್ಟ್ರೀಮಿಂಗ್‌ನಿಂದ, ಅಂದರೆ ಆ್ಯಪ್‌ಗಳಲ್ಲಿ ಜನ ಹಾಡು ಕೇಳಿದ್ದಕ್ಕೆ, ಬರುವುದು ಇದರ ಪಕ್ಕದಲ್ಲಿ ತುಂಬಾ ಸಣ್ಣದು. ಸ್ಪಾಟಿಫೈನಲ್ಲಿ 2024ರಿಂದ, ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಸ್ಟ್ರೀಮ್ ಆಗದ ಹಾಡಿಗೆ ರೆಕಾರ್ಡಿಂಗ್ ರಾಯಲ್ಟಿಯೇ (ಬಳಕೆಗೆ ಸಿಗುವ ದುಡ್ಡು) ಇಲ್ಲ.

ಹಾಗಿದ್ದರೆ ನಿಮಗೆ ರೆಕಾರ್ಡಿಂಗ್ ಯಾತಕ್ಕೆ ಬೇಕು? ಜನ ಹೆಸರು ಹಿಡಿದು ಕರೆಯಲಿ ಎಂದು. ಅಂದಮೇಲೆ ಸ್ಟೇಜಿನ ಸಂಪಾದನೆಗೆ ಕೈ ಹಾಕುವ, ಆ ಹಾಡನ್ನು ಸ್ಟೇಜಲ್ಲಿ ಹಾಡಿದ ವಿಡಿಯೋ ನಿಮ್ಮ ಚಾನೆಲ್‌ಗೆ ಹಾಕದಂತೆ ತಡೆಯುವ ಅಗ್ರಿಮೆಂಟ್ ಎಷ್ಟೇ ಅಡ್ವಾನ್ಸ್ ಕೊಟ್ಟರೂ ನಿಮಗೆ ನಷ್ಟ.

ನಿಮ್ಮ ಗುರಿ ಸಿನಿಮಾ ಹಿನ್ನೆಲೆ ಗಾಯನ ಆಗಿದ್ದರೆ ಲೆಕ್ಕ ಬೇರೆ. ಅಲ್ಲಿ ಆಡಿಯೋ ಕಂಪನಿಯವರ ಪರಿಚಯಕ್ಕೆ ಬೆಲೆ ಇದೆ. ಒಂದೆರಡು ಹಾಡು ಕಡಿಮೆ ದುಡ್ಡಿಗೆ ಕೊಟ್ಟು ಆ ಬಾಗಿಲು ತೆರೆಸಿಕೊಳ್ಳುವುದರಲ್ಲಿ ತಪ್ಪಿಲ್ಲ. ಗೊತ್ತಿದ್ದು ಕೊಡಬೇಕು, ಅಷ್ಟೆ.

ಮೂರನೇ ಹೆಜ್ಜೆ: ಕಂಪನಿ ಏನು ತರುತ್ತದೆ ಎಂದು ಬಿಡಿಸಿ ಕೇಳಿ

ಲಹರಿ, ಆನಂದ್ ಆಡಿಯೋ, ಝೇಂಕಾರ್ ಮ್ಯೂಸಿಕ್‌ನಂಥ ಕನ್ನಡದ ಹಳೆಯ ಆಡಿಯೋ ಕಂಪನಿಗಳ ಹತ್ತಿರ ನಮ್ಮ ಹತ್ತಿರ ಇಲ್ಲದ ವಸ್ತುಗಳಿವೆ. ದೊಡ್ಡ ಚಾನೆಲ್, ಆ್ಯಪ್‌ಗಳ ಪ್ಲೇಲಿಸ್ಟ್ ನೋಡಿಕೊಳ್ಳುವವರ ಪರಿಚಯ, ಕಾಲರ್ ಟ್ಯೂನ್‌ಗೆ ಟೆಲಿಕಾಂ ಕಂಪನಿಗಳ ಜೊತೆ ಒಪ್ಪಂದ, ಹಾಡು ಕದ್ದರೆ ನೋಟಿಸ್ ಕೊಡುವ ವಕೀಲರು. ಅವು ನಿಜವಾದ ಬಲ. ಅಲ್ಲಗಳೆಯುವಂತಿಲ್ಲ.

ಆದರೆ ಆ ಬಲ ನಿಮ್ಮ ಹಾಡಿಗೆ ಸಿಗುತ್ತದಾ? ಒಂದೇ ದಿನ ನಾಲ್ಕಾರು ಹಾಡು ಬಿಡುವ ಚಾನೆಲ್‌ನಲ್ಲಿ ನಿಮ್ಮ ಹಾಡು ಸಂಜೆಯೊಳಗೆ ಕೆಳಗೆ ಹೋಗಿರುತ್ತದೆ. ಆದ್ದರಿಂದ ಸಹಿಗೆ ಮೊದಲು ಒಂದು ಕೆಲಸ ಮಾಡಿ. ಆ ಚಾನೆಲ್ ತೆರೆದು, ಹಿಂದಿನ ವರ್ಷ ಅವರು ಬಿಟ್ಟ ಹೊಸಬರ ಹಾಡುಗಳನ್ನು ಹುಡುಕಿ. ದೊಡ್ಡ ಸಿನಿಮಾದ ಹಾಡು ನೋಡಬೇಡಿ. ನಿಮ್ಮ ಥರದವರ ಹಾಡಿಗೆ ಎಷ್ಟು ವ್ಯೂಸ್ ಬಂದಿದೆ, ಕಾಮೆಂಟ್ ಬರೆದವರು ನಿಜವಾದ ಜನರಾ, ನೋಡಿ. ಅದರಲ್ಲಿ ಒಬ್ಬಿಬ್ಬರು ಕಲಾವಿದರನ್ನು ಹುಡುಕಿ ಮಾತಾಡಿಸಿ. "ಲೆಕ್ಕ ಕಳಿಸ್ತಾರಾ ಅಣ್ಣ? ಫೋನ್ ಎತ್ತುತ್ತಾರಾ?" ಈ ಎರಡು ಪ್ರಶ್ನೆ ಸಾಕು.

ನಮ್ಮಿಂದಲೇ ದುಡ್ಡು ಕೇಳಿ 'ನಿಮ್ಮನ್ನು ಲೇಬಲ್‌ಗೆ (ಆಡಿಯೋ ಕಂಪನಿಗೆ) ತಗೊಳ್ತೀವಿ' ಎನ್ನುವವರೂ ಇದ್ದಾರೆ. ಅವರಿಂದ ದೂರ ಇರಿ. ಹಕ್ಕನ್ನೂ ತೆಗೆದುಕೊಂಡು ದುಡ್ಡನ್ನೂ ಕೇಳುವವರಿಗೆ ನಿಮ್ಮ ಹಾಡು ಓಡಬೇಕು ಎಂಬ ಯಾವ ಗರಜೂ ಇರುವುದಿಲ್ಲ.

ನಾಲ್ಕನೇ ಹೆಜ್ಜೆ: ಒಬ್ಬರೇ ಮಾಡಿದರೆ ಏನೇನು ಕೆಲಸ, ಎಷ್ಟು ಖರ್ಚು

ಸ್ಪಾಟಿಫೈ, ಆ್ಯಪಲ್ ಮ್ಯೂಸಿಕ್, ಜಿಯೋ ಸಾವನ್, ಇನ್‌ಸ್ಟಾಗ್ರಾಂ ಮ್ಯೂಸಿಕ್‌ಗೆ ಹಾಡು ಹೋಗಬೇಕಾದರೆ ನಡುವೆ ಡಿಸ್ಟ್ರಿಬ್ಯೂಟರ್ ಬೇಕು. ಇವರು ಲೇಬಲ್ ಅಲ್ಲ, ಹಾಡಿನ ಒಡೆತನ ಕೇಳುವುದಿಲ್ಲ. ಡಿಸ್ಟ್ರೋಕಿಡ್ ವರ್ಷಕ್ಕಿಷ್ಟು ಎಂದು ಶುಲ್ಕ ತೆಗೆದುಕೊಳ್ಳುತ್ತದೆ. ಶುಲ್ಕ ನಿಲ್ಲಿಸಿದರೆ ಹಾಡು ಇಳಿದುಹೋಗಬಹುದು. ಅದು ಉಳಿಯಬೇಕಾದರೆ ಬೇರೆ ದುಡ್ಡು. ಸಿಡಿ ಬೇಬಿ ಒಂದು ಬಿಡುಗಡೆಗೆ ಒಂದೇ ಸಲ ಶುಲ್ಕ ತೆಗೆದುಕೊಂಡು, ಬಂದದ್ದರಲ್ಲಿ 9% ಇಟ್ಟುಕೊಳ್ಳುತ್ತದೆ. ರೌಟ್‌ನೋಟ್‌ನಲ್ಲಿ ಶುಲ್ಕವಿಲ್ಲದ ದಾರಿ ಇದೆ, 15% ಅವರಿಗೆ. ವರ್ಷಕ್ಕೆ ಒಂದು ಹಾಡು ಮಾಡುವವರಿಗೆ ಪಾಲು ಕೊಡುವ ದಾರಿ ಸಾಕು. ತಿಂಗಳಿಗೊಂದು ಮಾಡುವವರಿಗೆ ವರ್ಷದ ಶುಲ್ಕ ಅಗ್ಗ.

ಹಾಡು ಹಾಕುವಾಗ ಐಎಸ್‌ಆರ್‌ಸಿ ಎಂಬ 12 ಅಕ್ಷರ-ಅಂಕಿಗಳ ಗುರುತು ಸಿಗುತ್ತದೆ. ಆ ರೆಕಾರ್ಡಿಂಗ್ ಎಲ್ಲಿ ಹೋದರೂ ಅದರ ಗುರುತು ಅದೇ. ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಬಿಡುಗಡೆ ದಿನವನ್ನು ಮೂರ್ನಾಲ್ಕು ವಾರ ಮುಂದಕ್ಕೆ ಇಡಿ. ಸ್ಪಾಟಿಫೈ ಫಾರ್ ಆರ್ಟಿಸ್ಟ್ಸ್‌ನಲ್ಲಿ ಪ್ಲೇಲಿಸ್ಟ್‌ಗೆ ಹಾಡು ಸೂಚಿಸುವ ಅವಕಾಶ ಇದೆ. ಬಿಡುಗಡೆಗೆ ಕನಿಷ್ಠ 7 ದಿನ ಮೊದಲು ಮಾಡಬೇಕು. ಹಾಡು ಬಂದ ಮೇಲೆ ಅದು ಆಗುವುದಿಲ್ಲ. ಹೆಸರು, ಸಾಹಿತ್ಯ, ಭಾಷೆ ಎಲ್ಲ ಸರಿಯಾಗಿ ತುಂಬಿ. ತೆಲುಗು ಮಿಶ್ರಿತ ಹಾಡಾದರೆ ಯಾವ ಭಾಷೆಯ ಕೇಳುಗರಿಗೆ ಎಂದು ಯೋಚಿಸಿ ಹಾಕಿ. ನಮ್ಮ ಗಡಿಯ ಹಾಡಿಗೆ ಮದನಪಲ್ಲಿ, ಪಲಮನೇರಿನಲ್ಲೂ ಕೇಳುಗರಿದ್ದಾರೆ.

ಯೂಟ್ಯೂಬ್ ಜಾಹೀರಾತಿನ ದುಡ್ಡು ಬರಬೇಕಾದರೆ 1,000 ಸಬ್‌ಸ್ಕ್ರೈಬರ್, ಜೊತೆಗೆ 12 ತಿಂಗಳಲ್ಲಿ 4,000 ಗಂಟೆ ವೀಕ್ಷಣೆ ಆಗಿರಬೇಕು. ಇಲ್ಲವೇ 90 ದಿನದಲ್ಲಿ ಶಾರ್ಟ್ಸ್‌ಗೆ 1 ಕೋಟಿ ವ್ಯೂಸ್. ಆಮೇಲೂ ಖಾತೆಯಲ್ಲಿ 100 ಡಾಲರ್ ತುಂಬುವ ತನಕ ದುಡ್ಡು ಬ್ಯಾಂಕಿಗೆ ಬರುವುದಿಲ್ಲ. ಗೂಗಲ್ ಕೇಳುವ ಅಮೆರಿಕದ ತೆರಿಗೆ ಫಾರ್ಮ್ ತುಂಬುವುದನ್ನು ಮರೆಯಬೇಡಿ. ತುಂಬದೆ ಬಿಟ್ಟರೆ ಗೂಗಲ್ ಒಟ್ಟು ಗಳಿಕೆಯಲ್ಲಿ 24%ವರೆಗೆ ಹಿಡಿಯಬಹುದು. ತುಂಬಿದರೆ ಅಮೆರಿಕದ ವೀಕ್ಷಕರಿಂದ ಬಂದ ಭಾಗಕ್ಕೆ ಮಾತ್ರ ಹಿಡಿತ.

ಬರೆಯುವವರು, ಟ್ಯೂನ್ ಹಾಕುವವರು ಐಪಿಆರ್‌ಎಸ್ ಸದಸ್ಯರಾಗಿ. 1969ರಲ್ಲಿ ಶುರುವಾದ ಸಂಸ್ಥೆ ಇದು. ನಿಮ್ಮ ಸಾಹಿತ್ಯ, ಟ್ಯೂನ್ ಎಲ್ಲೆಲ್ಲಿ ಬಳಕೆಯಾಗುತ್ತದೋ ಅಲ್ಲಿಂದ ರಾಯಲ್ಟಿ ವಸೂಲಿ ಮಾಡಿ ಕೊಡುತ್ತದೆ. ಡಿಸ್ಟ್ರಿಬ್ಯೂಟರ್ ಕೊಡುವ ದುಡ್ಡು ರೆಕಾರ್ಡಿಂಗ್‌ನದು, ಇದು ಅದಕ್ಕಿಂತ ಬೇರೆ. ಎಷ್ಟೋ ಜನ ಇದನ್ನು ಹಾಗೇ ಬಿಟ್ಟುಬಿಡುತ್ತಾರೆ. ಹಾಡುವವರ ರಾಯಲ್ಟಿ ವಸೂಲಿಗೆ ಇಸಾಮ್ರಾ ಎಂಬ ಸಂಘ ಇದೆ. ಮೊದಲು ಇಸ್ರಾ ಎಂದಿತ್ತು.

ಕಾಪಿರೈಟ್ ನೋಂದಣಿ ಕಡ್ಡಾಯವಲ್ಲ. ಹಾಡು ಹುಟ್ಟಿದ ಕೂಡಲೇ ಹಕ್ಕೂ ಹುಟ್ಟುತ್ತದೆ. ಆದರೆ ಜಗಳವಾದರೆ ಪುರಾವೆ ಬೇಕಲ್ಲ. ಸಾಹಿತ್ಯಕ್ಕೆ ಅಥವಾ ಸಂಗೀತಕ್ಕೆ ತಲಾ 500 ರೂಪಾಯಿ, ರೆಕಾರ್ಡಿಂಗ್‌ಗೆ 2,000 ರೂಪಾಯಿ. ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು. ಎಲ್ಲ ಹಾಡಿಗೂ ಬೇಡ. ಕಂಪನಿಯವರು ಕೇಳುತ್ತಿರುವ ಆ ಒಂದು ಹಾಡಿನ ಸಾಹಿತ್ಯಕ್ಕಾದರೂ ಮಾಡಿಸಿ ಎಂಬುದು ನನ್ನ ಸಲಹೆ.

ಇಷ್ಟು ಕೆಲಸ ಮಾಡಲು ನಿಮಗೆ ಪುರುಸೊತ್ತು ಇದೆಯಾ? ತಂಡದಲ್ಲಿ ಒಬ್ಬರು ಇದನ್ನು ಪ್ರೀತಿಯಿಂದ ಮಾಡುವವರು ಇದ್ದರೆ ನೀವೇ ಬಿಡುವುದು ಸಲೀಸು. ಯಾರೂ ಇಲ್ಲ, ಇಮೇಲ್ ನೋಡುವ ಅಭ್ಯಾಸವೂ ಇಲ್ಲ ಎಂದರೆ ಆ ಕಷ್ಟವನ್ನೂ ಲೆಕ್ಕಕ್ಕೆ ಹಿಡಿಯಿರಿ.

ಐದನೇ ಹೆಜ್ಜೆ: ಅಗ್ರಿಮೆಂಟ್ ಓದುವುದು

ಇಲ್ಲಿ ಅವಸರ ಬೇಡ. ಒಂದು ವಾರ ಟೈಮ್ ಕೇಳಿ. ವಾರ ಕಾಯದ ಕಂಪನಿ ಮುಂದೆ ನಿಮ್ಮ ಫೋನ್‌ಗೂ ಕಾಯುವುದಿಲ್ಲ. ಪ್ರಿಂಟ್ ತೆಗೆಸಿ, ಪೆನ್ನು ಹಿಡಿದು ಕೂತುಕೊಳ್ಳಿ.

ಮೊದಲು ಅವಧಿ ಹುಡುಕಿ. 'ಪರ್ಪೆಚ್ಯುಯಲ್' ಎಂದಿದ್ದರೆ ಶಾಶ್ವತ. 'ಕಾಪಿರೈಟ್‌ನ ಪೂರ್ತಿ ಅವಧಿಗೆ' ಎಂದಿದ್ದರೆ ರೆಕಾರ್ಡಿಂಗ್‌ಗೆ ಪ್ರಕಟವಾದಲ್ಲಿಂದ 60 ವರ್ಷ. ಈಗ 22 ವಯಸ್ಸಿನವರು ಸಹಿ ಹಾಕಿದರೆ 80 ದಾಟಿದ ಮೇಲೂ ಹಾಡು ಕಂಪನಿಯದೇ. ಇದಕ್ಕೆ ಬದಲಾಗಿ 3 ಅಥವಾ 5 ವರ್ಷ ಕೇಳಿ. ಅವಧಿ ಬರೆಯದೇ ಬಿಟ್ಟಿದ್ದರೆ ನಮ್ಮ ಕಾಪಿರೈಟ್ ಕಾಯ್ದೆಯ ಪ್ರಕಾರ 5 ವರ್ಷ ಎಂದೇ ಲೆಕ್ಕ. ಯಾವ ಪ್ರದೇಶ ಎಂದು ಬರೆಯದಿದ್ದರೆ ಭಾರತ ಮಾತ್ರ. ಸಹಿ ಮಾಡಿಸಿಕೊಂಡು ಒಂದು ವರ್ಷ ಹಾಡು ಬಳಸದೇ ಕೂತರೆ, ಅಗ್ರಿಮೆಂಟ್‌ನಲ್ಲಿ ಬೇರೆ ಥರ ಬರೆದಿಲ್ಲದಿದ್ದರೆ, ಕೊಟ್ಟ ಹಕ್ಕು ತಾನಾಗಿಯೇ ಮುಗಿಯುತ್ತದೆ. ಅದಕ್ಕೇ ಕಂಪನಿಗಳು 'ಈ ನಿಯಮ ಅನ್ವಯಿಸುವುದಿಲ್ಲ' ಎಂಬ ಒಂದು ಸಾಲನ್ನು ಸೇರಿಸಿರುತ್ತವೆ. ಆ ಸಾಲಿನಲ್ಲಿ ಕಾಯ್ದೆಯ 19(4) ಎಂಬ ಅಂಕಿ ಕಾಣುತ್ತದೆ. ಅದನ್ನು ಹೊಡೆದು ಹಾಕಲು ಕೇಳಿ.

ಎರಡನೆಯದು ಯಾವ ಹಕ್ಕು. ರೆಕಾರ್ಡಿಂಗ್ ಕೊಡುವುದು ಒಂದು ಮಾತು. ಸಾಹಿತ್ಯ, ಟ್ಯೂನ್ ಎರಡನ್ನೂ 'ಪಬ್ಲಿಷಿಂಗ್' ಎಂಬ ಹೆಸರಿನಲ್ಲಿ ಅದರ ಜೊತೆಗೇ ಎಳೆದುಕೊಳ್ಳುವುದು ಇನ್ನೊಂದು. ನಾಳೆ ಯಾರಾದರೂ ಸಿನಿಮಾಗೆ ನಿಮ್ಮ ಹಾಡು ಕೇಳಿದರೆ, ತೆಲುಗಿಗೆ ಮಾಡಬೇಕೆಂದರೆ, ದುಡ್ಡು ಬರುವುದು ಈ ಹಕ್ಕಿನಿಂದ. ಆದಷ್ಟು ಇದನ್ನು ಉಳಿಸಿಕೊಳ್ಳಿ. 2012ರಲ್ಲಿ ಕಾಯ್ದೆಗೆ ಬಂದ ತಿದ್ದುಪಡಿ ಬರೆದವರಿಗೆ, ಟ್ಯೂನ್ ಹಾಕಿದವರಿಗೆ ದೊಡ್ಡ ಆಸರೆ. ಹಕ್ಕನ್ನು ಕಂಪನಿಗೆ ಬರೆದುಕೊಟ್ಟ ಮೇಲೂ ರಾಯಲ್ಟಿಯಲ್ಲಿ ಸಮಪಾಲು ಪಡೆಯುವುದು ಅವರ ಹಕ್ಕು. ಅದನ್ನು ವಾರಸುದಾರರಿಗೆ ಇಲ್ಲವೇ ಐಪಿಆರ್‌ಎಸ್‌ನಂಥ ಕಾಪಿರೈಟ್ ಸೊಸೈಟಿಗೆ ಮಾತ್ರ ಬಿಟ್ಟುಕೊಡಬಹುದು. 'ನನಗೆ ಯಾವ ರಾಯಲ್ಟಿಯೂ ಬೇಡ' ಎಂದು ಕಂಪನಿ ಬರೆಸಿಕೊಂಡರೂ ಆ ಮಾತು ನಿಲ್ಲುವುದಿಲ್ಲ. ಅಂಥ ಸಾಲು ಕಂಡರೆ ಧೈರ್ಯವಾಗಿ ತೋರಿಸಿ ಕೇಳಿ.

'ಮುಂದೆ ಬರುವ ಎಲ್ಲ ಮಾಧ್ಯಮಗಳಿಗೂ' ಎಂದು ಇದೆಯಾ? ಈಗ ಬಳಕೆಯಲ್ಲಿ ಇಲ್ಲದ ಮಾಧ್ಯಮವನ್ನು ಹೆಸರಿಸಿ ಬರೆಯದಿದ್ದರೆ ಅಸೈನ್‌ಮೆಂಟ್ ಅದಕ್ಕೆ ಅನ್ವಯಿಸುವುದಿಲ್ಲ ಎಂದು ಅದೇ ತಿದ್ದುಪಡಿ ಹೇಳುತ್ತದೆ. ಇದರ ಜೊತೆ, ನಿಮ್ಮ ಧ್ವನಿಯನ್ನು ಎಐನಲ್ಲಿ ನಕಲು ಮಾಡಲು, ಕಲಿಸಲು ಬಳಸಬಾರದು ಎಂದು ಒಂದು ಸಾಲು ಸೇರಿಸಲು ಕೇಳಿ. ಇವತ್ತು ಇದು ಬೇಕೇ ಬೇಕು.

ಈಗ ದುಡ್ಡು. ಪರ್ಸೆಂಟೇಜ್ ನೋಡಿ ಖುಷಿಪಡುವ ಮೊದಲು ಖರ್ಚನ್ನು ಯಾವುದರಿಂದ ಹಿಡಿದುಕೊಳ್ಳುತ್ತಾರೆ ಎಂದು ನೋಡಿ. ಒಂದು ಲೆಕ್ಕ ಹಾಕೋಣ. ಕಂಪನಿ ನಿಮ್ಮ ಹಾಡಿಗೆ 1 ಲಕ್ಷ ಖರ್ಚು ಮಾಡಿತು. ನಿಮ್ಮ ಪಾಲು 20%. ಹಾಡಿನಿಂದ ಬಂದದ್ದು 3 ಲಕ್ಷ. ಖರ್ಚನ್ನು ಒಟ್ಟು ಗಳಿಕೆಯಿಂದ ಕಳೆದರೆ ಉಳಿದ 2 ಲಕ್ಷದಲ್ಲಿ ನಿಮಗೆ 40,000. ಅದೇ ಖರ್ಚನ್ನು ನಿಮ್ಮ ಪಾಲಿನಿಂದ ಕಳೆದರೆ? ನಿಮ್ಮ ಪಾಲು 60,000, ಅದೆಲ್ಲ ಖರ್ಚಿಗೆ ಹೋಯಿತು. ಇನ್ನೂ 40,000 ನೀವೇ ಬಾಕಿ. 3 ಲಕ್ಷವೂ ಕಂಪನಿಯ ಹತ್ತಿರವೇ ಉಳಿಯಿತು. ಎರಡೂ ಅಗ್ರಿಮೆಂಟ್‌ನಲ್ಲಿ ಬರೆದಿರುವುದು 20% ಎಂದೇ. ಆದ್ದರಿಂದ 'ಒಟ್ಟು ಗಳಿಕೆಯಿಂದ ಖರ್ಚು ಕಳೆದ ಮೇಲೆ' ಎಂದು ಸ್ಪಷ್ಟವಾಗಿ ಬರೆಸಿ. ಖರ್ಚಿಗೆ ಮೇಲ್ಮಿತಿ ಹಾಕಿಸಿ. ಅದನ್ನು ಮೀರುವುದಾದರೆ ನಿಮ್ಮ ಒಪ್ಪಿಗೆ ಬೇಕು ಎನ್ನಿ. ಎರಡನೇ ಹಾಡಿನ ಖರ್ಚನ್ನು ಮೊದಲ ಹಾಡಿನ ಗಳಿಕೆಗೆ ಹಾಕುವಂತಿಲ್ಲ ಎಂದೂ ಬರೆಸಿ.

ಲೆಕ್ಕ ಯಾವಾಗ ಕೊಡುತ್ತಾರೆ? ಆರು ತಿಂಗಳಿಗೊಮ್ಮೆ, ಪ್ಲಾಟ್‌ಫಾರ್ಮ್ ಪ್ರಕಾರ ಬಿಡಿಸಿದ ಲೆಕ್ಕ ಕೇಳಿ. ರಾಯಲ್ಟಿಯಲ್ಲಿ ಟಿಡಿಎಸ್ ಹಿಡಿಯುತ್ತಾರೆ. ಪ್ಯಾನ್ ಕೊಟ್ಟಿರಿ, ರಿಟರ್ನ್ಸ್ ಹಾಕಿದರೆ ವಾಪಸ್ ಬರುವ ಸಾಧ್ಯತೆ ಇದೆ.

ಎಕ್ಸ್‌ಕ್ಲೂಸಿವ್ ಎಂಬ ಪದ ಎರಡು ಜಾಗದಲ್ಲಿ ಬರುತ್ತದೆ. ಹಾಡು ಎಕ್ಸ್‌ಕ್ಲೂಸಿವ್ ಆದರೆ ಸರಿ, ಕೊಟ್ಟ ಹಾಡನ್ನು ಇನ್ನೊಬ್ಬರಿಗೆ ಕೊಡುವಂತಿಲ್ಲ. ಕಲಾವಿದರೇ ಎಕ್ಸ್‌ಕ್ಲೂಸಿವ್ ಆದರೆ ನೀವು ಬೇರೆ ಎಲ್ಲಿಯೂ ಹಾಡುವಂತಿಲ್ಲ. ಒಂದು ಹಾಡಿಗಾಗಿ ಇದಕ್ಕೆ ಸಹಿ ಹಾಕಲೇಬೇಡಿ. 'ಮುಂದಿನ ನಾಲ್ಕು ಹಾಡು ನಮಗೇ ಮೊದಲು' ಎಂಬ ಸಾಲೂ ಇದೇ ಜಾತಿಯದು. ಕಾರ್ಯಕ್ರಮದ ಸಂಭಾವನೆಯಲ್ಲಿ ಪಾಲು ಕೇಳುವ ಸಾಲು ಇದ್ದರೆ ಎರಡನೇ ಹೆಜ್ಜೆಯಲ್ಲಿ ಬರೆದ ಉತ್ತರ ತೆಗೆದು ನೋಡಿ.

ನಿಮ್ಮ ಸ್ಟೇಜ್ ವಿಡಿಯೋಗೆ ಕ್ಲೇಮ್ ಬಾರದಂತೆ ಕಂಪನಿಯವರು ನಿಮ್ಮ ಚಾನೆಲನ್ನು ವೈಟ್‌ಲಿಸ್ಟ್ ಮಾಡಬೇಕು, ಅಂದರೆ ಕ್ಲೇಮ್‌ನಿಂದ ಹೊರಗಿಡುವ ಪಟ್ಟಿಗೆ ಸೇರಿಸಬೇಕು. ಬಾಯಿಮಾತಲ್ಲಿ ಎಲ್ಲರೂ ಆಯ್ತು ಎನ್ನುತ್ತಾರೆ, ಕಾಗದದಲ್ಲಿ ಇರಲಿ.

ಹೆಸರು. ಹಾಡಿದವರು, ಬರೆದವರು, ಟ್ಯೂನ್ ಹಾಕಿದವರು, ತಮಟೆ, ಡೋಲು, ಕೀಬೋರ್ಡ್ ನುಡಿಸಿದವರು ಎಲ್ಲರ ಹೆಸರೂ ವಿವರಣೆಯಲ್ಲಿ, ಆ್ಯಪ್‌ಗಳಲ್ಲಿ ಬರಬೇಕು. ತಮಟೆಯವರನ್ನು 'ಮತ್ತು ತಂಡ' ಎಂದು ಮುಗಿಸುವುದು ನನಗೆ ಬಹಳ ನೋವಿನ ವಿಷಯ. ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದು ತಮಟೆಯಿಂದ. ನಮ್ಮ ಸೀಮೆಯಲ್ಲೇ ಆ ವಾದ್ಯ ನುಡಿಸುವವರಿಗೆ ಹೆಸರಿಲ್ಲ ಎಂದರೆ ಹೇಗೆ? ಕಾನೂನು ಕೂಡ ನುಡಿಸುವವರನ್ನು ಕಲಾವಿದರು ಎಂದೇ ಒಪ್ಪುತ್ತದೆ.

ಕೊನೆಗೆ ವಾರಂಟಿ ಮತ್ತು ನ್ಯಾಯಾಲಯ. 'ಎಲ್ಲ ನನ್ನದೇ, ಯಾರಾದರೂ ಕೇಸು ಹಾಕಿದರೆ ಖರ್ಚು ನನ್ನದು' ಎಂದು ಬರೆಸಿಕೊಳ್ಳುತ್ತಾರೆ. ಮೊದಲ ಹೆಜ್ಜೆ ಸರಿ ಮಾಡಿದ್ದರೆ ಇದಕ್ಕೆ ಹೆದರಬೇಕಿಲ್ಲ. ನಿಮ್ಮದಲ್ಲದ್ದನ್ನು ಮಾತ್ರ ನಿಮ್ಮದು ಎನ್ನಬೇಡಿ. ವ್ಯಾಜ್ಯ ಮುಂಬೈನಲ್ಲಿ ಎಂದಿದ್ದರೆ ಬೆಂಗಳೂರು ಎಂದು ಬದಲಾಯಿಸಲು ಕೇಳಿ. ನಮಗೆ ಬೆಂಗಳೂರು 70 ಕಿಲೋಮೀಟರ್. ಬೆಳಿಗ್ಗೆ ಹೋಗಿ ಸಂಜೆ ಬರಬಹುದು.

ಅರ್ಥವಾಗದ ಸಾಲು ಉಳಿದರೆ ವಕೀಲರಿಗೆ ತೋರಿಸಿ. ಫೀಸು ಕಷ್ಟ ಎನ್ನುವವರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ವಿಚಾರಿಸಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಸಹಾಯವಾಣಿ 15100.

ಆರನೇ ಹೆಜ್ಜೆ: ತಂಡದೊಳಗಿನ ಮಾತು ಮೊದಲು

ಹಾಡು ಓಡುವ ತನಕ ಎಲ್ಲರೂ ಸ್ನೇಹಿತರು. ಕಂಪನಿಯ ಫೋನ್ ಬಂದ ಮೇಲೆ ಪಾಲು ಎಷ್ಟು ಎಂಬ ಮಾತು ಬರುತ್ತದೆ, ಮನಸ್ತಾಪವೂ ಬರುತ್ತದೆ. ಹಾಡು ಬಿಡುವ ಮೊದಲೇ ಒಂದು ಹಾಳೆಯಲ್ಲಿ ಬರೆಯಿರಿ: ಯಾರಿಗೆ ಎಷ್ಟು ಪಾಲು, ತಂಡದ ಹೆಸರು ಯಾರದು, ಚಾನೆಲ್ ಪಾಸ್‌ವರ್ಡ್ ಯಾರ ಹತ್ತಿರ, ಒಬ್ಬರು ಬಿಟ್ಟು ಹೋದರೆ ಏನು. ಎಲ್ಲರೂ ಸಹಿ ಹಾಕಿ. ಫೋಟೋ ತೆಗೆದು ಗ್ರೂಪಿಗೆ ಹಾಕಿ.

ಏಳನೇ ಹೆಜ್ಜೆ: ತೀರ್ಮಾನ

ಇಷ್ಟಾದ ಮೇಲೆ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಮೊದಲ ಎರಡು ಮೂರು ಹಾಡು ನೀವೇ ಬಿಡಿ. ಖರ್ಚು ಸಾಧ್ಯವಾದಷ್ಟು ಕಡಿಮೆ ಇಡಿ. ಡ್ರೋನ್ ವಿಡಿಯೋಗೆ ಸಾಲ ಮಾಡಬೇಡಿ. ಯಾರು ಕೇಳುತ್ತಾರೆ, ಎಲ್ಲಿಂದ ಕೇಳುತ್ತಾರೆ ಎಂಬುದು ನಿಮಗೆ ನೇರವಾಗಿ ಕಾಣುತ್ತದೆ. ಆ ಅಂಕಿಗಳು ಕೈಯಲ್ಲಿದ್ದರೆ ಕಂಪನಿಯ ಜೊತೆ ಮಾತಾಡುವ ಧಾಟಿಯೇ ಬೇರೆ. ಆಮೇಲೆ ಕಂಪನಿ ಬಂದರೆ ಒಂದೇ ಹಾಡನ್ನು, 3 ರಿಂದ 5 ವರ್ಷದ ಲೈಸೆನ್ಸ್‌ಗೆ ಕೊಟ್ಟು ನೋಡಿ. ಲೆಕ್ಕ ಸರಿಯಾಗಿ ಬಂತು, ಕಾರ್ಯಕ್ರಮ ಹೆಚ್ಚಾಯಿತು ಎಂದರೆ ಎರಡನೇ ಹಾಡು ಕೊಡಿ. ಉಳಿದವು ನಿಮ್ಮ ಚಾನೆಲ್‌ನಲ್ಲೇ ಇರಲಿ.

ಪೂರ್ತಿ ಮಾರುವುದು ಎಂದೂ ಬೇಡವೇ ಬೇಡ ಎನ್ನುವುದಿಲ್ಲ. ಮನೆಯಲ್ಲಿ ಆಸ್ಪತ್ರೆ ಖರ್ಚು ಇದೆ, ಕೈಗೆ ಒಟ್ಟಿಗೆ ದೊಡ್ಡ ಮೊತ್ತ ಬರುತ್ತಿದೆ ಎಂದರೆ ಅದು ನಿಮ್ಮ ತೀರ್ಮಾನ, ಗೌರವಿಸುತ್ತೇನೆ. ಆಗಲೂ ರೆಕಾರ್ಡಿಂಗ್ ಮಾತ್ರ ಕೊಡಿ, ಸಾಹಿತ್ಯ ಮತ್ತು ಟ್ಯೂನ್ ಉಳಿಸಿಕೊಳ್ಳಿ. ಅವು ಉಳಿದರೆ ಅದೇ ಹಾಡನ್ನು ಮುಂದೆ ಹೊಸದಾಗಿ ಹಾಡಿ ರೆಕಾರ್ಡ್ ಮಾಡಬಹುದು. ಕಂಪನಿಯವರು ಇದನ್ನು ತಡೆಯಲು ಮರು ರೆಕಾರ್ಡಿಂಗ್ ನಿಷೇಧ ಹಾಕುತ್ತಾರೆ. ಅದಕ್ಕೂ ಎರಡು ಮೂರು ವರ್ಷದ ಮಿತಿ ಇರಲಿ.

ಸಹಿಯಾದ ಮೇಲೆ

ಎರಡೂ ಕಡೆಯವರು ಸಹಿ ಹಾಕಿದ ಪ್ರತಿ ನಿಮ್ಮ ಕೈಗೆ ಬರುವ ತನಕ ಮಾಸ್ಟರ್ ಫೈಲ್ (ಹಾಡಿನ ಅಂತಿಮ ಮೂಲ ಫೈಲ್) ಕಳಿಸಬೇಡಿ. ಅವಧಿ ಮುಗಿಯುವ ದಿನಕ್ಕೆ ಮೂರು ತಿಂಗಳು ಮೊದಲು ಫೋನ್‌ನಲ್ಲಿ ಅಲಾರಂ ಇಡಿ. ತಾನಾಗಿಯೇ ಮುಂದುವರಿಯುವ ಸಾಲು ಅಗ್ರಿಮೆಂಟ್‌ನಲ್ಲಿದ್ದರೆ ಆ ಸಮಯದಲ್ಲೇ ಇಮೇಲ್ ಮೂಲಕ 'ಮುಂದುವರಿಸುವುದಿಲ್ಲ' ಎಂದು ತಿಳಿಸಬೇಕು. ವಾಟ್ಸಾಪ್ ಸಾಲದು.

ಹಾಡು ವಾಪಸ್ ಬಂದಾಗ ನಿಮ್ಮ ಡಿಸ್ಟ್ರಿಬ್ಯೂಟರ್ ಮೂಲಕ ಅದನ್ನೇ ಮತ್ತೆ ಹಾಕಿ. ಅದೇ ಆಡಿಯೋ ಫೈಲ್, ಅದೇ ಹೆಸರು, ಅದೇ ಐಎಸ್‌ಆರ್‌ಸಿ. ಆಗ ಹಳೆಯ ಸ್ಟ್ರೀಮ್ ಎಣಿಕೆ ಉಳಿಯುವ ಸಾಧ್ಯತೆ ಜಾಸ್ತಿ. ಹೊಸದು ಆ್ಯಪ್‌ನಲ್ಲಿ ಕಾಣಿಸಿಕೊಂಡ ಮೇಲೆ ಹಳೆಯದನ್ನು ಇಳಿಸಲು ಕಂಪನಿಗೆ ಹೇಳಿ, ಹಾಡು ಗುರುತಿಸಿ ಕ್ಲೇಮ್ ಹಾಕುವ ಯೂಟ್ಯೂಬ್‌ನ ಕಂಟೆಂಟ್ ಐಡಿಯಿಂದಲೂ ತೆಗೆಸಿ. ಯೂಟ್ಯೂಬ್ ವ್ಯೂಸ್ ಮಾತ್ರ ಒಂದು ಚಾನೆಲ್‌ನಿಂದ ಇನ್ನೊಂದಕ್ಕೆ ಬರುವುದಿಲ್ಲ. ಅವರ ಚಾನೆಲ್‌ನ ವಿಡಿಯೋ ಇಳಿದರೆ ಆ ಲಕ್ಷಗಳೂ ಇಳಿದಂತೆ. ಅದಕ್ಕೆ ಅಗ್ರಿಮೆಂಟ್ ಮಾತಾಡುವಾಗಲೇ ಇದನ್ನು ಕೇಳಿ: ಆಡಿಯೋ ನೀವು ಹಂಚಿ, ವಿಡಿಯೋ ನಮ್ಮ ಚಾನೆಲ್‌ನಲ್ಲಿ ಇರಲಿ, ಅದರ ಗಳಿಕೆಯಲ್ಲಿ ಅವಧಿ ಮುಗಿಯುವ ತನಕ ನಿಮಗೂ ಪಾಲು ಇರಲಿ. ಸಣ್ಣ ಕಂಪನಿಗಳು ಇದಕ್ಕೆ ಒಪ್ಪಬಹುದು. ದೊಡ್ಡವರು ಒಪ್ಪದಿದ್ದರೆ ಅವಧಿ ಮುಗಿದ ಮೇಲೂ ವಿಡಿಯೋ ಅಲ್ಲೇ ಉಳಿದು, ನಿಮ್ಮ ಪಾಲು ಬರುತ್ತಿರಬೇಕು ಎಂದು ಬರೆಸಿಕೊಳ್ಳಿ.